ಇಲ್ಲ ಅನ್ನಬೇಡ, ಕಾಣೆ ಅನ್ನು

ಮೊನ್ನೆ ನನ್ನ ತಂಗಿಯ ಮಗಳು ಎಕ್ಸ್‌ರೇ ವಿಭಾಗದ ಕೆಲಸಕ್ಕೆ ಆಯ್ಕೆಯಾದ ಕಾಗದ ಹಿಡಿದುಕೊಂಡು ಬಂದಿದ್ದಳು. "ಮಾವ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲೀಬೇಕು?" ಎಂದು ಕೇಳಿದಳು. "ಒಂದು ಕ್ರಿಯಾಪದ" ಎಂದೆ. ಅವಳು ನಕ್ಕಳು. ನಿವೃತ್ತರು ಹೇಳಿದ್ದೆಲ್ಲ ಹುಡುಗರಿಗೆ ತಮಾಷೆಯೇ. ಆದರೆ ನಾನು ತಮಾಷೆಗೆ ಹೇಳಲಿಲ್ಲ. ನನಗೆ ಯಾವಾಗ ಬಡ್ತಿಯಾಯಿತು, ಎಲ್ಲೆಲ್ಲಿಗೆ ವರ್ಗವಾಯಿತು ಎನ್ನುವುದು ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರೂ ಏನೂ ಕಲಿಯಲಾರರು. ಆ ಕ್ರಿಯಾಪದವನ್ನು ನನಗೆ ಕಲಿಸಿದವಳು ಹೊಳಲಿನ ಒಬ್ಬ ಸೂಲಗಿತ್ತಿ. ಕಲಿಸುವುದಕ್ಕೆ ಸ್ವಲ್ಪ ಮುಂಚೆ ಅವಳ ಬಲಗೈಯ ನಡುಬೆರಳು ಹೋಗುವುದರಲ್ಲಿತ್ತು. ಹೋಗಿದ್ದರೆ ಅದಕ್ಕೆ ಕಾರಣ ನಾನೇ ಆಗುತ್ತಿದ್ದೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನಾನು ಮಂಡ್ಯದ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕೆ ಸೇರಿದೆ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದದ್ದೇ ನನ್ನ ದೊಡ್ಡ ವಿದ್ಯೆ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ದೇವರು, ದೆವ್ವ, ಶಕುನ, ಜಾತಕ, ಯಾರು ಯಾವುದರ ಮಾತೆತ್ತಿದರೂ "ತೋರಿಸಿ, ನಂಬುತ್ತೇನೆ" ಎನ್ನುವುದು ನನ್ನ ಬ್ರಹ್ಮಾಸ್ತ್ರ. ಅಂಥವನಿಗೆ ಮನುಷ್ಯನ ಒಳಗನ್ನೇ ತೋರಿಸುವ ಯಂತ್ರ ಕೈಗೆ ಸಿಕ್ಕಿತು. ಮೊದಲೇ ಕೋತಿ, ಹೆಂಡ ಬೇರೆ ಕುಡಿಸಿದ ಹಾಗಾಯಿತು.

ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಮದ್ದೂರಿನ ಗಫಾರ್ ಸಾಬರು. ಬಸ್ಸು, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸಿ ಪಳಗಿದ ಕೈ. ಆಗಿನ ಯಂತ್ರದ ತಂತಿಗಳು ತಲೆಯ ಮೇಲೆ ಬರಿಮೈಯಲ್ಲಿ ಹಾದುಹೋಗುತ್ತಿದ್ದವು. ಸ್ವಿಚ್ಚು ಒತ್ತಿದರೆ ಹಸಿ ಸೌದೆ ಉರಿದಂತೆ ಚಟಚಟ ಸದ್ದು. ಕರೆಂಟು ಶಿವನಸಮುದ್ರದಿಂದ ಬರುತ್ತಿತ್ತು. ಊರಿನ ದೀಪಗಳು ಹತ್ತುವ ಹೊತ್ತಿಗೆ ವೋಲ್ಟೇಜು ಕುಸಿದು ಫಿಲ್ಮು ಪೇಲವವಾಗುತ್ತಿದ್ದುದರಿಂದ ಹಗಲಿನಲ್ಲೇ ಕೆಲಸ ಮುಗಿಸಬೇಕು. ಸಾಬರು ಯಂತ್ರದ ಪೆಟ್ಟಿಗೆಗೆ ಕಿವಿಯಿಟ್ಟು, "ಇವತ್ತು ಕಾವೇರಮ್ಮನಿಗೆ ಮನಸ್ಸಿಲ್ಲ, ಅರ್ಧ ಗಂಟೆ ತಡೀರಿ" ಎನ್ನುತ್ತಿದ್ದರು. ಮೀಟರು ನೋಡಿದರೆ ಅವರ ಮಾತು ನಿಜವೇ ಆಗಿರುತ್ತಿತ್ತು. ಕಿವಿಗೆ ಹೇಗೆ ವೋಲ್ಟೇಜು ಕೇಳಿಸುತ್ತದೆ ಎಂದು ನಾನು ವಾದಕ್ಕೆ ನಿಲ್ಲುತ್ತಿದ್ದೆ. ನನಗೆ 'ಲಾಯರ್ ಸಾಬ್' ಎಂದು ಹೆಸರಿಟ್ಟವರು ಅವರೇ.

ಸಾಬರು ಬಲಗೈಗೆ ಯಾವಾಗಲೂ ಬಟ್ಟೆಯ ಗವಸು ಹಾಕಿರುತ್ತಿದ್ದರು. ಒಳಗೆ ಎರಡು ಬೆರಳುಗಳ ಚರ್ಮ ಒಣಗಿ ಬಿರಿದು, ಉಗುರುಗಳು ಸೀಳಿದ್ದವು. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ, ಯಂತ್ರ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ದಿನವೂ ಮೊದಲು ತಮ್ಮ ಕೈಯನ್ನೇ, ಕಿರಣ ಬಿದ್ದರೆ ಹೊಳೆಯುವ ಪರದೆಯ ಮುಂದೆ ಹಿಡಿಯುತ್ತಿದ್ದರಂತೆ. ಎಷ್ಟೋ ವರ್ಷ. ಒಂದು ದಿನವೂ ಬಿಸಿ ತಾಗಲಿಲ್ಲ, ಉರಿಯಲಿಲ್ಲ. ಆಮೇಲೆ ಹೀಗಾಯಿತು.

"ಗಿರಣಿಯ ಎಣ್ಣೆಯಿಂದ ಆಗಿರಬಹುದಲ್ಲ ಸಾಬರೇ? ಕಿರಣದಿಂದಲೇ ಎನ್ನುವುದಕ್ಕೆ ಪುರಾವೆ ಏನು?" ಎಂದು ನಾನು ಕೇಳಿದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಸಾಬರು ಕೋಪಿಸಿಕೊಳ್ಳಲಿಲ್ಲ. "ಪುರಾವೆ ಕೈ ಒಳಗೆ ಕೂತಿದೆ ಲಾಯರ್ ಸಾಬ್, ಕರೆದರೆ ಹೊರಗೆ ಬರಲ್ಲ" ಎಂದು ಗವಸು ಹಾಕಿಕೊಂಡರು.

ನಮ್ಮ ಡಾಕ್ಟರು ಮಿತಭಾಷಿ. ನನ್ನ ವಾದಗಳನ್ನು ಮಧ್ಯಾಹ್ನದ ಕಾಫಿಯ ಜೊತೆಗೆ ಸಹಿಸಿಕೊಳ್ಳುತ್ತಿದ್ದರು. ಒಂದು ದಿನ ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ಬಾಗಿಲಿನ ಮೇಲೆ, ಈ ಚೌಕಟ್ಟಿನಿಂದ ಆ ಚೌಕಟ್ಟಿನವರೆಗೆ, ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ನಡುವೆ ಒಂದು ಕಡೆ ಉಗುರಿನಗಲ ಗುರುತು ಮಾಡಿ, "ನಮ್ಮ ಕಣ್ಣಿಗೆ ಕಾಣುವ ಬೆಳಕು ಇಷ್ಟು. ಕೆಂಪಿನಿಂದ ನೇರಳೆ. ಕೆಂಪಿನ ಈಚೆಗೆ ಒಲೆಯ ಕಾವು, ಇನ್ನೂ ಈಚೆಗೆ ರೇಡಿಯೋ. ನೇರಳೆಯ ಆಚೆಗೆ ನಮ್ಮ ಎಕ್ಸ್‌ರೇ, ಅದರಾಚೆಗೆ ರೇಡಿಯಮ್ಮಿನ ಕಿರಣ. ಎಲ್ಲ ಒಂದೇ ವಂಶ, ಅಲೆಯ ಉದ್ದ ಬೇರೆ ಅಷ್ಟೆ" ಎಂದರು.

"ಅಂದ್ರೆ ಪೇಟೆ ಹೋಟೆಲಿನ ರೇಡಿಯೋ ನಮ್ಮ ಮಿಷೀನಿಗೆ ದೊಡ್ಡಣ್ಣ ಅನ್ನಿ" ಎಂದರು ಸಾಬರು.

"ಅಣ್ಣ ಬರೀ ಮಾತಾಡುತ್ತಾನೆ. ತಮ್ಮ ಮೂಳೆಗೇ ಕೈ ಹಾಕುತ್ತಾನೆ" ಎಂದು ಡಾಕ್ಟರು ನಕ್ಕು, ಗೆರೆಯ ಎರಡು ತುದಿಗೂ ಬಾಣದ ಗುರುತು ಹಾಕಿದರು.

ನಾನು ಸುಮ್ಮನಿರಬೇಕಲ್ಲ! "ಕೊನೆ ಎಲ್ಲಿ ಸರ್? ಇದೆ ಎಂದರೆ ತೋರಿಸಬೇಕು, ಇಲ್ಲ ಎಂದರೆ ಸಾಧಿಸಬೇಕು. ಬಾಣ ಹಾಕಿ ಜಾರಿಕೊಳ್ಳುವ ಹಾಗಿಲ್ಲ" ಎಂದೆ.

"ಇಲ್ಲಿಯತನಕ ಅಳೆದಿದ್ದೇವೆ ಎಂದಷ್ಟೇ ನಾನು ಹೇಳಬಲ್ಲೆ. ನಮ್ಮ ಅಳತೆ ಮುಗಿದ ಕಡೆ ಅದೂ ಮುಗಿಯಿತು ಎಂದು ಯಾಕೆ ತಿಳಿಯುತ್ತೀರಿ?" ಎಂದು ಡಾಕ್ಟರು ಕೈಯ ಸುಣ್ಣ ಕೊಡವಿ ಹೊರಟುಬಿಟ್ಟರು. ಎದುರಾಳಿ ವೇದಿಕೆ ಬಿಟ್ಟು ಹೋದರೆ ನಾನು ಗೆದ್ದೆ ಎಂದೇ ನನ್ನ ಲೆಕ್ಕ.

ಆ ಗೆರೆ ಬಹಳ ದಿನ ಬಾಗಿಲ ಮೇಲಿತ್ತು. ಆ ಬಾಗಿಲಿನ ಒಳಗೆ ನಮ್ಮ ಕೆಲಸವೆಲ್ಲ ಕೆಂಪು ದೀಪದಲ್ಲಿ. ಕೆಂಪಿಗೆ ಫಿಲ್ಮು ಕುರುಡು. ನಮಗೆ ಕಾಣುವುದು ಅದಕ್ಕೆ ಕಾಣದು, ಅದಕ್ಕೆ ಕಾಣುವುದು ನಮಗೆ ಕಾಣದು. ಹಾಗಿದ್ದೂ ನಾವಿಬ್ಬರೂ ಸೇರಿ ಸಂಸಾರ ನಡೆಸಬೇಕು. ಪರದೆಯ ಮೇಲೆ ರೋಗಿಯನ್ನು ನೋಡಬೇಕಾದ ದಿನ ಕಣ್ಣನ್ನು ಕತ್ತಲೆಗೆ ಹೊಂದಿಸಲು ಕೆಂಪು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ತಿರುಗಬೇಕಾಗಿತ್ತು. ಒಮ್ಮೆ ಅದೇ ವೇಷದಲ್ಲಿ ವೀಳ್ಯದೆಲೆ ತರಲು ಹೋದರೆ, ಅಂಗಡಿಯವನು "ಏನ್ ಸಾಮಿ, ಕಣ್ಬೇನೆನಾ? ನನ್ ಕಡೆ ನೋಡ್ಬ್ಯಾಡಿ, ಅಂಟ್ಕತದೆ" ಎಂದು ಎಲೆಯನ್ನು ಮಾರು ದೂರದಿಂದ ಎಸೆದ.

ಇನ್ನೊಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ಮಳವಳ್ಳಿಯಿಂದ ಒಬ್ಬ ಮೇಷ್ಟರು ಎದೆಯ ಫಿಲ್ಮಿಗೆ ಬಂದರು. ಅಂಗಿ ಬಿಚ್ಚಿದ ಮೇಲೆ, "ಜನಿವಾರ ತೆಗೆಯಬೇಕೇ?" ಎಂದು ಅಳುಕುತ್ತ ಕೇಳಿದರು. ನಾನು ಗತ್ತಿನಿಂದ, "ಬೇಡ. ದಾರ, ಬಟ್ಟೆ, ಕಟ್ಟಿಗೆ ಇವೆಲ್ಲ ಈ ಕಿರಣಕ್ಕೆ ಲೆಕ್ಕವೇ ಅಲ್ಲ. ಹಾದುಹೋಗುತ್ತದೆ, ಫಿಲ್ಮಿನಲ್ಲಿ ಬೀಳುವುದೇ ಇಲ್ಲ" ಎಂದು ಭಾಷಣ ಮಾಡಿದೆ. ಸಂಜೆ ಡಾಕ್ಟರು ಫಿಲ್ಮು ಎತ್ತಿ ಹಿಡಿದು, "ಏನ್ರೀ, ಮೇಷ್ಟರು ಬೀಗದಕೈ ನುಂಗಿದ್ದಾರಾ?" ಎಂದರು. ಜನಿವಾರ ಬಿದ್ದಿರಲಿಲ್ಲ ನಿಜ. ಅದಕ್ಕೆ ಕಟ್ಟಿ ಬೆನ್ನಿಗೆ ಸರಿಸಿದ್ದ ಟ್ರಂಕಿನ ಬೀಗದಕೈ ಹಲ್ಲು ಹಲ್ಲಾಗಿ ಬಿದ್ದಿತ್ತು. ಸಾಬರು ಒಂದು ವಾರ ನನ್ನನ್ನು ಕಂಡಾಗಲೆಲ್ಲ ಬೆನ್ನು ತಡವಿ ನೋಡಿಕೊಳ್ಳುತ್ತಿದ್ದರು.

ಕಟ್ಟಿಗೆ ಫಿಲ್ಮಿನಲ್ಲಿ ಬೀಳುವುದಿಲ್ಲ. ಇದನ್ನು ಹೇಳಿದವನು ನಾನೇ. ನೆನಪಿರಲಿ.

ಚಿಕ್ಕತಾಯಮ್ಮ ಬಂದದ್ದು ಯುದ್ಧ ಜೋರಾಗಿದ್ದ ಕಾಲದಲ್ಲಿ, ಒಂದೊಂದು ಫಿಲ್ಮಿಗೂ ನಾವು ಪರದಾಡುತ್ತಿದ್ದಾಗ. ಐವತ್ತು ದಾಟಿದ ಹೆಂಗಸು, ಹೊಳಲು ಮತ್ತು ಸುತ್ತಿನ ಹಳ್ಳಿಗಳಿಗೆ ಸೂಲಗಿತ್ತಿ. ಹೆರಿಗೆಗೆ ಕರೆ ಬಂದು ಅವಸರದಲ್ಲಿ ಬೇಲಿ ನುಸುಳುವಾಗ ಜಾಲಿಮುಳ್ಳು ಬಲಗೈಯ ನಡುಬೆರಳಿನ ಬುಡಕ್ಕೆ ನಾಟಿತ್ತು. ಕಿತ್ತು ಎಸೆದು, ಹೆರಿಗೆ ಮುಗಿಸಿದ್ದಳು. ಗಾಯ ಮಾಗಿತು, ಮತ್ತೆ ಊದಿಕೊಂಡಿತು, ಕೀವಾಯಿತು. ಡಾಕ್ಟರು ಚೀಟಿ ಬರೆದು ನಮ್ಮ ಕೋಣೆಗೆ ಕಳಿಸಿ, ಮಳವಳ್ಳಿಗೆ ಹೋಗಿದ್ದರು.

ಸಾಬರು ಅವಳ ಕೈಯನ್ನು ಮೇಜಿನ ಮೇಲೆ ಹೊಂದಿಸುವಾಗ ಗವಸು ತೆಗೆದಿದ್ದರು. ಅವಳು ಚೆನ್ನಾಗಿದ್ದ ಎಡಗೈಯಿಂದ ಅವರ ಬೆರಳನ್ನು ಹಿಡಿದುಕೊಂಡಳು. ನೋಡಲಿಲ್ಲ, ಮುಖ ಅತ್ತ ತಿರುಗಿಸಿಕೊಂಡೇ ಸವರಿದಳು.

"ಇದ್ಯಾವ್ ಬೆಂಕೀಲಿ ಬೇಯಿಸ್ಕಂಡ್ಯಪ್ಪ, ಸಾಬಣ್ಣ?"

"ಕಣ್ಣಿಗೆ ಕಾಣದ ಬೆಂಕಿ ತಾಯಿ."

"ಊಂ. ಮೇಗಿಂದಲ್ಲ, ಒಳಗಿಂದ ಬೆಂದದೆ" ಎಂದಳು. ಸಾಬರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಫಿಲ್ಮು ತೊಳೆದು ಬೆಳಕಿಗೆ ಹಿಡಿದೆ. ಮೂಳೆಗಳು ಉಜ್ಜಿದ ಹಲ್ಲಿನಷ್ಟು ಸ್ವಚ್ಛ. ರೋಗಿಗೆ ಫಲಿತಾಂಶ ಹೇಳುವುದು ನನ್ನ ಕೆಲಸವಲ್ಲ, ಡಾಕ್ಟರದು. ಆದರೆ ಡಾಕ್ಟರು ಇರಲಿಲ್ಲ, ಬಾಯಿ ನನ್ನದು. "ಒಳಗೆ ಏನೂ ಇಲ್ಲಮ್ಮ" ಎಂದೆ.

"ಅದೆ ಕಣಪ್ಪ. ಒಳಗೇ ಮುರುಕೊಂಡದೆ. ನಂಗೆ ಗೊತ್ತಾಯ್ತದೆ."

"ನೋಡಿ, ಇದು ನಿಮ್ಮ ಕೈಯದೇ ಫಿಲ್ಮು. ಮೂಳೆಯನ್ನೇ ತೋರಿಸುವ ಯಂತ್ರ ಒಂದು ಮುಳ್ಳನ್ನು ಬಚ್ಚಿಟ್ಟುಕೊಳ್ಳುತ್ತದೆಯೇ? ಇದ್ದಿದ್ದರೆ ಕಾಣುತ್ತಿತ್ತು. ಕಾಣುತ್ತಿಲ್ಲ. ಆದ್ದರಿಂದ ಇಲ್ಲ."

ಮೂರು ವಾಕ್ಯದಲ್ಲಿ ತರ್ಕ ಮುಗಿಯಿತು. ಚರ್ಚಾಕೂಟದಲ್ಲಾಗಿದ್ದರೆ ಚಪ್ಪಾಳೆ. ಅವಳು ಫಿಲ್ಮನ್ನು ನೋಡಿದಳು, ತನ್ನ ಬೆರಳನ್ನು ನೋಡಿಕೊಂಡಳು. "ಓದಿರೋರು ಏಳ್ತಿದ್ದೀರಿ. ಇಲ್ಲ ಅಂದ್ರೆ ಇಲ್ಲ ಬುಡಪ್ಪ. ಸುಮ್ನೆ ನಂದೇ ಭ್ರಮೆಯೇನೋ" ಎಂದು ಸೆರಗಿನಲ್ಲಿ ಕೈ ಸುತ್ತಿಕೊಂಡು ಹೊರಟಳು. ಡಾಕ್ಟರು ಬರುವತನಕ ಕೂತಿರಿ ಎಂದು ನಾನು ಹೇಳಲಿಲ್ಲ. ಇಲ್ಲದ್ದಕ್ಕೆ ಕೂರಿಸುವುದು ಯಾಕೆ?

ಡಾಕ್ಟರು ಮರಳಿ ಬಂದು ವಿಚಾರಿಸಿದಾಗ, "ನಾರ್ಮಲ್ ಸರ್, ಹೋದರು" ಎಂದೆ. ಅವರು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಕೈ ಮುರಿದ ಗಾಡಿಯವನೊಬ್ಬ ಬಂದ, ಮಾತು ಅಲ್ಲಿಗೇ ನಿಂತಿತು.

ಸುಮಾರು ಎರಡು ವಾರದ ಮೇಲೆ ಚಿಕ್ಕತಾಯಮ್ಮನ ಮಗ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಬೆರಳು ಬಾಳೆಕಾಯಿಯಾಗಿತ್ತು, ಮುಂಗೈ ಕೆಂಪಗೆ ಊದಿತ್ತು. ಯಾರೋ ಹೇಳಿದರೆಂದು ಮೇಣ, ಎಣ್ಣೆ, ಸಿಂಧೂರ ಕಾಯಿಸಿದ ಮುಲಾಮು ಹಚ್ಚಿದ್ದರು. ಹಣೆಗಿಡುವ ಕುಂಕುಮವಲ್ಲ, ಹನುಮಂತರಾಯನ ಮೈಗೆ ಬಳಿಯುತ್ತಾರಲ್ಲ, ಆ ಸಿಂಧೂರ. ಮೇಲೆ ಮೇಲೆ ಒರೆಸಿ, ಮತ್ತೆ ಫಿಲ್ಮು ತೆಗೆದೆ.

ಈ ಸಲ ಕಂಡಿತು! ನಡುಗೆಣ್ಣಿನ ಹತ್ತಿರ, ಮೂಳೆಗೆ ಅಂಟಿದಂತೆ, ಬೆಳ್ಳಗೆ ನಾಲ್ಕೈದು ಚೂರು. ನನಗೆ ಆದದ್ದು ಗಾಬರಿಯಲ್ಲ, ಸಂತೋಷ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಸತ್ಯ. "ಲೋಹ, ಸರ್! ಆಮೇಲೆ ಇನ್ನೇನೋ ಚುಚ್ಚಿಸಿಕೊಂಡಿದ್ದಾರೆ. ಹೋದ ಸಲ ಇದಿರಲಿಲ್ಲ, ಅದಕ್ಕೇ ಇಲ್ಲ ಎಂದೆ" ಎಂದು ಓಡಿದೆ.

ಡಾಕ್ಟರು ಫಿಲ್ಮನ್ನು ಬಹಳ ಹೊತ್ತು ನೋಡಿದರು. "ಹೀಗೆ ಚದುರಿದ್ದರೆ ಹುಡುಕಿ ತೆಗೆಯುವುದು ಕಷ್ಟ. ಮೂಳೆಗೂ ತಾಗಿರಬಹುದು. ಬೆರಳು ಉಳಿಸಲು ಹೋದರೆ ಕೈಯೇ ಹೋದೀತು" ಎಂದರು. ಆಗಿನ್ನೂ ಇಂದಿನಂಥ ಔಷಧಗಳು ನಮ್ಮ ಕಡೆಗೆ ಬಂದಿರಲಿಲ್ಲ. ಬೆರಳು ತೆಗೆಯಬೇಕಾಗಿದೆ ಎಂದು ಅವರು ಮೆತ್ತಗೆ ತಿಳಿಸಿದರು. ಚಿಕ್ಕತಾಯಮ್ಮ ಅಳಲಿಲ್ಲ.

"ಬೆಳ್ಳು ತಗುದ್ರೆ ನಾನ್ ಯಾತರಲ್ಲಿ ನೋಡ್ಲಿ ಬುದ್ದಿ?"

"ಕಣ್ಣಿಗೇನೂ ಆಗುವುದಿಲ್ಲಮ್ಮ" ಎಂದರು ಡಾಕ್ಟರು, ಅರ್ಥವಾಗದೆ.

"ಒಳಗಿರೋ ಮಗೀನ ಕಣ್ಣಲ್ಲಿ ನೋಡಕ್ಕಾದದಾ? ತಲೆ ಎಲ್ಲದೆ, ಕಾಲೆಲ್ಲದೆ, ಒಕ್ಕುಳ ಕಳ್ಳು ಕತ್ತಿಗೆ ಸುತ್ಕಂಡದಾ, ಇದ್ರಲ್ಲೇ ನೋಡದು. ಇದೇ ನನ್ ಕಣ್ಣು."

ಡಾಕ್ಟರು ಶಸ್ತ್ರಗಳನ್ನು ಕುದಿಸಲು ಹೇಳಿಕಳಿಸಿದರು. ನಾನು ಕೋಣೆಗೆ ಬಂದು ಸೀಸದ ಮುಂಗವಚವನ್ನು ಮೊಳೆಗೆ ನೇತುಹಾಕುತ್ತಿದ್ದೆ. ಕಿರಣ ನಮ್ಮ ಮೈಗೆ ತಾಗದಿರಲಿ ಎಂದು ಹಾಕಿಕೊಳ್ಳುವ ಕವಚ ಅದು. ಸಾಬರು ಆ ಫಿಲ್ಮನ್ನು ಹಿಡಿದು ಕಿಟಕಿಯ ಬಳಿ ನಿಂತಿದ್ದರು.

"ಲಾಯರ್ ಸಾಬ್, ಈ ಕವಚ ಯಾಕೆ ಕಿರಣ ತಡೀತದೆ?"

"ಸೀಸ, ಅದಕ್ಕೆ."

"ನಾನು ಬಸ್ಸಿನ ಚಾಸಿಗೆ ತುಕ್ಕು ಹಿಡೀಬಾರದು ಅಂತ ಕೆಂಪು ಬಣ್ಣ ಬಳೀತಿದ್ದೆ. ಸಿಂಧೂರ ಅಂತೀರಲ್ಲ, ಅದೇ ಸಾಮಾನು. ಅದು ಸೀಸದ್ದು ತಾನೆ?"

ನಾನು ಸಾಬರ ಕೈಯಿಂದ ಫಿಲ್ಮು ಕಸಿದುಕೊಂಡೆ. ಫಿಲ್ಮಿನಲ್ಲಿ ಕಂಡ ಬಿಳಿ ಚೂರುಗಳು ಬೆರಳಿನ ಒಳಗಿರಲಿಲ್ಲ. ಗೆಣ್ಣಿನ ಗೆರೆಗಳಲ್ಲಿ, ಮೇಲೆ, ಮುಲಾಮಿನಲ್ಲಿದ್ದವು. ಇರುವುದನ್ನು ಇಲ್ಲ ಎಂದಿದ್ದೆ, ಇಲ್ಲದ್ದನ್ನು ಇದೆ ಎಂದಿದ್ದೆ. ಮೇಷ್ಟರ ಜನಿವಾರ ನೆನಪಾಯಿತು: ದಾರ, ಬಟ್ಟೆ, ಕಟ್ಟಿಗೆ ಬೀಳುವುದಿಲ್ಲ. ಮುಳ್ಳು ಕಟ್ಟಿಗೆಯಲ್ಲದೆ ಇನ್ನೇನು?

ಡಾಕ್ಟರ ಕೋಣೆಗೆ ನಾನು ಓಡಿದಷ್ಟು ವೇಗವಾಗಿ ಆಸ್ಪತ್ರೆಯಲ್ಲಿ ಯಾರೂ ಓಡಿರಲಿಕ್ಕಿಲ್ಲ. "ತಪ್ಪಾಯಿತು ಸರ್. ಕತ್ತರಿಸಬೇಡಿ" ಎಂದೆ. ಆ ವಾಕ್ಯಕ್ಕೆ ಮುಂಚೆ ನಾನು ಯಾರಿಗೂ ತಪ್ಪಾಯಿತು ಎಂದವನಲ್ಲ. ಬೆರಳನ್ನು ಸಾಬೂನು, ಸ್ಪಿರಿಟ್ಟುಗಳಲ್ಲಿ ಗೆರೆಗೆರೆ ತೊಳೆದು, ಉಳಿದಿದ್ದ ಫಿಲ್ಮುಗಳಲ್ಲಿ ಒಂದನ್ನು ಬಳಸಿದೆವು. ಬಿಳಿ ಚೂರು ಒಂದೂ ಇರಲಿಲ್ಲ. ಮೂಳೆ ಚೆನ್ನಾಗಿಯೇ ಇತ್ತು.

ಡಾಕ್ಟರು ಫಿಲ್ಮನ್ನು ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು ಚಿಕ್ಕತಾಯಮ್ಮನ ಎದುರು ಕೂತರು. "ಎಲ್ಲಿದೆ, ನೀವೇ ಹೇಳಿ ತಾಯಿ."

ಅವಳು ಕಣ್ಣು ಮುಚ್ಚಿ, ಎಡಗೈ ಹೆಬ್ಬೆರಳನ್ನು ಊದಿದ ಬೆರಳಿನ ಮೇಲೆ ನಿಧಾನವಾಗಿ ಜರುಗಿಸಿದಳು. ಹಲ್ಲು ಕಚ್ಚಿಕೊಂಡಳು. ಮುಳ್ಳು ನಾಟಿದ ಜಾಗದಿಂದ ಒಂದು ಬೆರಳಗಲ ಕೆಳಗೆ, ಅಂಗೈಯ ಕಡೆಗೆ, ನಿಲ್ಲಿಸಿದಳು. "ಇಲ್ಲಿ. ಅಡ್ಡ ಅಲ್ಲ, ಉದ್ದಕ್ಕೆ ಮಲಗದೆ."

ಡಾಕ್ಟರು ಅಲ್ಲೇ ಕೊಯ್ದರು. ಕೀವಿನ ಜೊತೆಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಜಾಲಿಮುಳ್ಳಿನ ತುದಿ ಹೊರಬಂತು. ಉದ್ದಕ್ಕೇ ಮಲಗಿತ್ತು.

ಬೆರಳು ಉಳಿಯಿತು. ಮಡಿಚಲು ಬರುವುದಕ್ಕೆ ತಿಂಗಳಾಯಿತು. ಪೂರ್ತಿ ನೆಟ್ಟಗಾಗಲೇ ಇಲ್ಲ. ಅವಳು ವಾರ್ಡಿನಲ್ಲಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಹೋಗಿ ಮಂಚದ ಪಕ್ಕ ನಿಂತೆ. ಕ್ಷಮೆ ಕೇಳಲು ಹೋದವನು ಅಲ್ಲೂ ವಾದ ಹೂಡಿದೆ, ಹುಟ್ಟುಗುಣ. "ಫಿಲ್ಮಿನಲ್ಲಿ ಕಾಣಲಿಲ್ಲಮ್ಮ. ಕಾಣದಿದ್ದರೆ ನಾನಾದರೂ ಏನು ಹೇಳಬೇಕಿತ್ತು?"

"ಕಾಣೆ ಅನ್ನಬೇಕಾಗಿತ್ತು ಕಣಪ್ಪ."

ನನಗೆ ತಕ್ಷಣ ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು: "ಕೆಂಚನ ಮನೆ ಎಲ್ಲಿ ಅಂತ ದಾರೀಲಿ ಕೇಳಿದ್ರೆ, ಗೊತ್ತಿಲ್ದೋರು ಏನಂತಾರೆ? 'ನಾ ಕಾಣೆ' ಅಂತಾರೆ. ಕೆಂಚನ ಮನೇನೇ ಇಲ್ಲ ಅಂತಾರಾ? ನಿನ್ ಮಿಷೀನು ಕಾಣೆ ಅಂತು. ನೀನ್ ನಂಗೆ ಇಲ್ಲ ಅಂತ ಏಳ್ದೆ. ಅದ್ರ ಮಾತ್ನ ಅದ್ರಂಗೆ ಏಳಿದ್ರೆ ನಾನು ಅವತ್ತು ಮನೆಗೋಯ್ತಿರ್ಲಿಲ್ಲ."

ಬಾಲ್ಯದಿಂದ ನನ್ನಜ್ಜಿ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. 'ಕಾಣೆ' ಎಂದರೆ ತಿಳಿಯದು. 'ಕಾಣೆ' ಎಂದರೆ ನನಗೆ ಕಾಣುತ್ತಿಲ್ಲ. ಎರಡಕ್ಕೂ ನಮ್ಮ ಜನ ಒಂದೇ ಪದ ಇಟ್ಟುಕೊಂಡಿದ್ದಾರೆ. ಅದರಲ್ಲಿ 'ನಾನು' ಸೇರಿಕೊಂಡಿದೆ. ಇಲ್ಲ ಎನ್ನುವ ಪದದಲ್ಲಿ ನಾನು ಇಲ್ಲ. ಅದು ಜಗತ್ತಿನ ಮೇಲೆಯೇ ತೀರ್ಪು. ಡಾಕ್ಟರು ಬಾಗಿಲ ಮೇಲೆ ಎಳೆದ ಗೆರೆಯ ತುದಿಯ ಬಾಣ ಜಾರಿಕೊಳ್ಳುವ ಉಪಾಯವಲ್ಲ, ಅದೂ 'ಕಾಣೆ' ಎನ್ನುವ ಮಾತೇ ಎಂದು ಆಗ ಹೊಳೆಯಿತು. ಅವತ್ತಿನಿಂದ ನಿವೃತ್ತಿಯ ದಿನದವರೆಗೆ ಡಾಕ್ಟರಿಗೆ ಬರೆದುಕೊಡುವ ಯಾವ ಫಿಲ್ಮಿನ ಟಿಪ್ಪಣಿಯಲ್ಲೂ ನಾನು 'ಇಲ್ಲ' ಎಂದು ಬರೆಯಲಿಲ್ಲ. 'ಕಂಡುಬಂದಿಲ್ಲ' ಎಂದೇ ಬರೆದೆ. ಸಂಶಯವಾದ ಬಿಟ್ಟೆ ಎಂದಲ್ಲ. ನನ್ನ ಫಿಲ್ಮಿನ ಮೇಲೂ ಸಂಶಯಪಡುವುದನ್ನು ಕಲಿತೆ, ಅಷ್ಟೆ.

ಯುದ್ಧ ಮುಗಿದು, ದೇಶಕ್ಕೆ ಸ್ವಾತಂತ್ರ್ಯ ಬರುವ ಮಾತು ಎಲ್ಲರ ಬಾಯಲ್ಲಿದ್ದ ದಿನಗಳಲ್ಲಿ ನನ್ನ ಹೆಂಡತಿ ಜಯಮ್ಮನಿಗೆ ದಿನ ತುಂಬುತ್ತಿತ್ತು. ಮಗು ತಿರುಗಿಲ್ಲ, ಕಾಲು ಕೆಳಗಿದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದರು. ಡಾಕ್ಟರನ್ನು ಕೇಳಿದೆ. "ಬೇಕಾದರೆ ಒಂದು ಫಿಲ್ಮು ತೆಗೆದು ನೋಡಿ, ಎಲ್ಲ ಕಡೆಯೂ ತೆಗೆಯುತ್ತಾರೆ" ಎಂದರು. ಮರುದಿನ ಜಯಮ್ಮನನ್ನು ಕರೆತಂದು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಫಿಲ್ಮು ತುಂಬಿದೆ. ಸಾಬರು ಸ್ವಿಚ್ಚಿನ ಬಳಿಯಿಂದ ಎದ್ದು ಬಂದರು. ಗವಸು ತೆಗೆದು, ಬಿರಿದ ಬೆರಳುಗಳ ಕೈಯನ್ನು ಮೇಜಿನ ಮೇಲೆ, ನನ್ನ ಮುಂದೆ, ಇಟ್ಟರು.

"ಲಾಯರ್ ಸಾಬ್, ನನ್ನ ಹತ್ರ ವಾದ ಇಲ್ಲ. ಈ ಕೈ ಇದೆ, ಅಷ್ಟೇ. ಮಗೂಗೆ ಏನಾಗ್ತದೆ? ನಾನು ಕಾಣೆ. ಡಾಕ್ಟರೂ ಕಾಣರು."

ತುಂಬಿದ್ದ ಫಿಲ್ಮನ್ನು ಹಾಗೆಯೇ ಪೆಟ್ಟಿಗೆಗೆ ಮರಳಿಸಿದೆ. ಜಯಮ್ಮನನ್ನು ಮನೆಗೆ ಬಿಟ್ಟು, ಹೊಳಲಿಗೆ ಹೋದೆ.

ಚಿಕ್ಕತಾಯಮ್ಮ ನನ್ನ ಜೊತೆಯಲ್ಲೇ ಬಂದಳು. ಕೈ ತೊಳೆದುಕೊಂಡಳು. ಚಾಪೆಯ ಮೇಲೆ ಮಲಗಿದ್ದ ಜಯಮ್ಮನ ಪಕ್ಕ ಕೂತು, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟಳು. ಸ್ವಲ್ಪ ಡೊಂಕಾದ ಆ ನಡುಬೆರಳು ಎಲ್ಲ ಬೆರಳಿಗಿಂತ ಮುಂದೆ ಮುಂದೆ ಹೋಗುತ್ತಿತ್ತು. ಹೋಗಿ ಒಂದು ಕಡೆ ನಿಂತಿತು.

"ತಲೆ ಕೆಳಗೇ ಅದೆ ಕಣವ್ವ. ಯಾವಳೇ ಅವಳು, ಕಾಲು ಅಂದೋಳು? ಮೇಗಿರೋ ಕುಂಡಿ ಮುಟ್ಟಿ ತಲೆ ಅಂದವ್ಳೆ" ಎಂದಳು. ಜಯಮ್ಮ ಅಳುತ್ತ ನಕ್ಕಳು. ನಾನು ಬಾಗಿಲಿಗೆ ಒರಗಿದೆ. ಧೈರ್ಯ ಬಂದದ್ದೇ ತಡ, ಬಾಯಿ ತೆರೆಯಿತು.

"ಹಾಗಾದರೆ ಗಂಡೋ ಹೆಣ್ಣೋ ಅದನ್ನೂ ಹೇಳಿಬಿಡಿ ಅಮ್ಮ."

ಅವಳು ಕಣ್ಣು ತೆರೆಯಲಿಲ್ಲ. ಬೆರಳೂ ಅಲ್ಲಿಂದ ಕದಲಲಿಲ್ಲ.

"ಕಾಣೆ ಕಣಪ್ಪ" ಎಂದಳು.